ಅಮ್ಮ ಸಾಯದ ಪುಸ್ತಕ

ಓದುವವರ ಮುಖ ನೋಡಿಯೇ ಪುಸ್ತಕ ಆರಿಸಿಕೊಡುತ್ತೇನೆಂದು ಲೈಬ್ರರಿಯಮ್ಮನಿಗೆ ಕೊಂಚ ಜಂಭವಿತ್ತು. ಅಂದು ಮೂಲೆಯಂಗಡಿಯ ದರ್ಜಿ ಕೊರಳಲ್ಲಿ ಅಳತೆಯ ಟೇಪು ನೇತುಹಾಕಿಕೊಂಡೇ ಬಂದು ನಿಂತ. ಅವನ ಹೆಂಡತಿ ಆಸ್ಪತ್ರೆಯಲ್ಲಿದ್ದಳು, ಡಾಕ್ಟರರು ಕೈಚೆಲ್ಲಿದ್ದರು.

"ಮಗಳಿಗೆ ದಿನಾ ಓದಿ ಹೇಳ್ಬೇಕು. ಚೆನ್ನಾಗಿರೋದು ಕೊಡಿ ಅಕ್ಕ. ಆದ್ರೆ ಅದ್ರಲ್ಲಿ ಅಮ್ಮ ಸಾಯ್ಬಾರ್ದು."

"ಅದೇನ್ ಮಹಾ!" ಎಂದು ಆಕೆ ಏಣಿ ಹತ್ತಿದಳು. ಸಾಹಸದ ಕತೆ ತೆಗೆದರೆ, ತಾಯಿ ಸತ್ತ ಮೇಲೆಯೇ ಹುಡುಗ ಹಡಗು ಹತ್ತುತ್ತಿದ್ದ. ಮಾಯಾಲೋಕದ ಕತೆಯಲ್ಲಿ ಮೊದಲ ಪುಟದಲ್ಲೇ ಮಲತಾಯಿ ವಕ್ಕರಿಸಿದ್ದಳು. ಸಂಸಾರದ ಕಾದಂಬರಿಯಲ್ಲಿ ತಾಯಿಯ ಹೆಣದ ಮುಂದೆಯೇ ಒಡವೆಯ ಜಗಳ. ಯುದ್ಧದ ಕತೆಗಳ ಕಪಾಟನ್ನಂತೂ ಆಕೆ ಮುಟ್ಟಲೇ ಇಲ್ಲ.

"ಈ ಬರೆಯೋರಿಗೆ ಏನ್ ರೋಗ ಬಂದಿದೆ! ತಾಯಿನ ಕೊಲ್ಲದೆ ಇವ್ರ ಪೆನ್ನೇ ಓಡಲ್ವಾ?" ಎಂದು ಸಿಡುಕುತ್ತ, ಕೈಗೆ ಧೂಳು ಮೆತ್ತಿಕೊಂಡಿದ್ದಷ್ಟೇ ಲಾಭವಾಗಿ ಕೆಳಗಿಳಿದಳು. ಅವನ ಮುಖ ನೋಡಲು ಧೈರ್ಯ ಸಾಲಲಿಲ್ಲ.

ದರ್ಜಿ ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದ.

"ಹೋಗ್ಲಿ ಬಿಡಿ ಅಕ್ಕ. ಕೊನೇಲಿ ಸಾಯೋದಾದ್ರೂ ಪರವಾಗಿಲ್ಲ," ಎಂದ. "ಆದಷ್ಟು ದಪ್ಪದ್ದು ಕೊಡಿ."