ಗಾಜಿನಾಚೆಗೆ ಹೇಳಿದ ಸೋದರತ್ತೆ

ಈ ಕತೆಯನ್ನು ಮೊದಲು ಹೇಳಿದವರು ಗುಂಡಿ-ದಾರ ಮಾರುವ ಅಂಗಡಿಯೊಂದರ ಯಜಮಾನಿ. ಹೇಳಿದ್ದು ಹೋದ ಚಳಿಗಾಲದಲ್ಲಿ, ವೀಸಾ ಅರ್ಜಿ ಸ್ವೀಕರಿಸುವ ಕಚೇರಿಯೊಂದರ ಕಾಯುವ ಕೋಣೆಯಲ್ಲಿ. ಬೆಳಿಗ್ಗೆಯೇ ಕಂಪ್ಯೂಟರುಗಳು ಕೈಕೊಟ್ಟು, ಗಾಜಿನ ಕಿಟಕಿಗಳ ಹಿಂದೆ ಪರದೆ ಎಳೆದಿದ್ದ ಹೊತ್ತಿನಲ್ಲಿ. ಇದೇ ಕತೆಯನ್ನು ಆಮೇಲೆ ಬೇರೆಯವರ ಬಾಯಲ್ಲಿಯೂ ಕೇಳಿದ್ದೇನೆ. ಒಬ್ಬರು ಊರುಗೋಲಿನ ಬದಲು ಕೊಡೆ ಎನ್ನುತ್ತಾರೆ. ಇನ್ನೊಬ್ಬರು ಕೊನೆಯ ಭಾಗವನ್ನು ಬಿಟ್ಟೇ ಬಿಡುತ್ತಾರೆ. ಕತೆ ನಡೆದ ಮನೆಯ ಮೆಟ್ಟಿಲನ್ನು ಸ್ವತಃ ಹತ್ತಿ ಇಳಿದವರು ಯಜಮಾನಿ ಒಬ್ಬರೇ ಆದ್ದರಿಂದ ಅವರು ಹೇಳಿದ ರೂಪವನ್ನೇ ಇಲ್ಲಿ ಉಳಿಸಿಕೊಂಡಿದ್ದೇನೆ.

ಯಜಮಾನಿ ತಮಗಾಗಿ ಬಂದವರಲ್ಲ, ತಂಗಿಗೆ ಜೊತೆಯಾಗಿ ಬಂದವರು. ತಂಗಿಯೂ ಅವಳ ಗಂಡನೂ ಹೊರದೇಶದ ಪ್ರವಾಸಕ್ಕೆ ಹೊರಟಿದ್ದರು. ಕಾಯುವ ಬೇಸರಕ್ಕೆ ಇಬ್ಬರೂ ಸಂದರ್ಶನದ ತಾಲೀಮು ನಡೆಸಿದ್ದರು.

"ಊರಲ್ಲಿ ನಿಮ್ಮೋರು ಯಾರಿದ್ದಾರೆ ಅಂತ ಕೇಳಿದ್ರೆ ಏನಂತೀಯ?" ಎಂದು ಗಂಡ ಕೇಳಿದ.

"ಅಣ್ಣ ಹಾಸಿಗೆ ಹಿಡಿದಿದ್ದಾನೆ, ನಾನೇ ನೋಡ್ಕೋಬೇಕು, ಹಾಗಾಗಿ ಬೇಗ ವಾಪಸ್ ಬರ್ತೀನಿ ಅಂತೀನಿ."

"ನಿಂಗ್ಯಾವ ಅಣ್ಣ ಇದ್ದಾನೆ?"

"ಇಲ್ಲ. ಇದ್ದಿದ್ರೆ ನನ್ನ ನಿಮಗೆ ಕೊಡೋಕೆ ಬಿಡ್ತಿದ್ನಾ?"

ಅಕ್ಕಪಕ್ಕದ ಕುರ್ಚಿಗಳವರೂ ನಕ್ಕರು. ಯಜಮಾನಿ ನಗಲಿಲ್ಲ.

"ಇಲ್ಲದವರನ್ನ ಆ ಗಾಜಿನ ಮುಂದೆ ಹೇಳಬೇಡ ಕಣೇ."

"ಸುಮ್ನಿರಕ್ಕ, ಎಲ್ರೂ ಹೇಳೋದೇ."

"ನಮ್ಮ ಮೇಲ್ಮನೆಯವಳೂ ಹಾಗೇ ಅಂದ್ಲು," ಎಂದ ಯಜಮಾನಿ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡು ಹೇಳತೊಡಗಿದರು.

ಗುಂಡಿ ಅಂಗಡಿಯ ಮೇಲೆ ಎರಡು ಕೋಣೆಗಳ ಬಾಡಿಗೆ ಮನೆಯೊಂದಿದೆ. ಅಲ್ಲಿ ಪರದೆ ಹೊಲಿಯುವ ಹೆಂಗಸೊಬ್ಬಳು ಒಂಟಿಯಾಗಿದ್ದಳು, ಬೀದಿಯವರಿಗೆಲ್ಲ ಪರದೆಯಕ್ಕ. ಹೊರಕೋಣೆಯಲ್ಲಿ ಹೊಲಿಗೆ ಯಂತ್ರ, ಒಳಕೋಣೆಯಲ್ಲಿ ಮಂಚ, ನಡುವೆ ಬಾಗಿಲಿಲ್ಲದ ಜಾಗಕ್ಕೆ ಅವಳೇ ಹೊಲಿದು ಇಳಿಬಿಟ್ಟ ಪರದೆ. ಗಿರಾಕಿಯೊಬ್ಬರ ಕೆಲಸದಲ್ಲಿ ಮಿಕ್ಕ ಬಟ್ಟೆ ಅದು. ಬಟ್ಟೆಯ ಮೇಲೆ ಒಂದು ಸರೋವರ, ದಡದಲ್ಲಿ ಇಳಿಜಾರು ಸೂರಿನ ಮನೆಗಳು, ಒಂದು ಗಡಿಯಾರದ ಗೋಪುರ. ಅಂಥ ಊರು ನಿಜವಾಗಿಯೂ ಇದೆಯೆಂದು ಯಾರೋ ಹೇಳಿದಂದಿನಿಂದ ಅವಳಿಗೆ ಒಂದೇ ಹಂಬಲ: ಅದನ್ನೊಮ್ಮೆ ಕಣ್ಣಾರೆ ನೋಡಬೇಕು.

ತಯಾರಿಯಲ್ಲಿ ಅವಳು ಎಳ್ಳಷ್ಟೂ ಲೋಪ ಮಾಡಲಿಲ್ಲ. ಪಾಸ್‌ಪೋರ್ಟ್ ಮಾಡಿಸಿದಳು. ಬಿಳಿ ಹಿನ್ನೆಲೆಯಲ್ಲಿ, ಎರಡೂ ಕಿವಿ ಕಾಣುವಂತೆ, ನಗದೆ ಫೋಟೋ ತೆಗೆಸಿಕೊಂಡಳು. ಪ್ರವಾಸದ ವಿಮೆ, ಹೋಟೆಲಿನ ಕೋಣೆ, ಹೋಗಿಬರುವ ಟಿಕೆಟು ಎಲ್ಲ ಒದಗಿಸಿದಳು. ಆದರೂ ಅರ್ಜಿ ತಿರಸ್ಕೃತವಾಗಿ ಬಂತು: ಅರ್ಜಿದಾರರು ಹಿಂದಿರುಗುತ್ತಾರೆಂಬ ಭರವಸೆ ನಮಗಿಲ್ಲ.

ಟ್ರಾವೆಲ್ ಏಜೆಂಟ್ ತಲೆ ಕೆರೆದುಕೊಂಡ. "ಅವರದೇನೂ ತಪ್ಪಿಲ್ಲ ಅಕ್ಕಾ. ಗಂಡ ಇಲ್ಲ, ಮಕ್ಕಳಿಲ್ಲ, ಮನೆ ಬಾಡಿಗೆದು. ಒಂದು ಬೆಕ್ಕಾದ್ರೂ ಸಾಕಬಾರದಿತ್ತಾ? ನಿಮ್ಮನ್ನ ವಾಪಸ್ ಎಳೆಯೋಕೆ ಯಾರಿದ್ದಾರೆ ಹೇಳಿ?"

"ಯಾರೂ ಇಲ್ಲ."

"ಹಾಗಾದ್ರೆ ಒಬ್ಬರನ್ನ ಇಟ್ಕೊಳ್ಳಿ. ಅಪ್ಪ ಅಮ್ಮ ಬೇಡ, ಅವರ ವಿಷಯ ದಾಖಲೆಯಲ್ಲಿರುತ್ತೆ. ಸೋದರತ್ತೆ ಆಗಬಹುದು. ವಯಸ್ಸಾಗಿದೆ, ಎದ್ದು ಓಡಾಡೋಕಾಗಲ್ಲ, ನೀವಿಲ್ಲದೆ ನಡೆಯಲ್ಲ. ಕೇಳಿದ್ರೆ ಬಾಯಲ್ಲಿ ಹೇಳಿದ್ರೆ ಸಾಕು."

ಎರಡನೆಯ ಸಲ ಗಾಜಿನಾಚೆ ಕುಳಿತಿದ್ದವಳು ನಯವಾದ ದನಿಯ ಅಧಿಕಾರಿಣಿ. ಮನೆಯಲ್ಲಿ ಯಾರಿದ್ದಾರೆ ಎಂದಳು. ಸೋದರತ್ತೆ ಎಂದಳು ಪರದೆಯಕ್ಕ. ಅಲ್ಲಿಗೆ ಮುಗಿಯುತ್ತದೆಂದುಕೊಂಡರೆ, ಅಧಿಕಾರಿಣಿ ಮುಂದಕ್ಕೆ ಬಾಗಿ ಒಂದೊಂದಾಗಿ ಕೇಳುತ್ತ ಹೋದಳು. ಅವರಿಗೇನು ತೊಂದರೆ? ಮಂಡಿ ಹಿಡಿದಿದೆ, ಕುರ್ಚಿ ಬಿಟ್ಟು ಏಳಲಾರರು. ಏನಾದರೂ ಬೇಕಾದರೆ? ಊರುಗೋಲಿನಿಂದ ನೆಲಕ್ಕೆ ಎರಡು ಸಲ ಕುಟ್ಟುತ್ತಾರೆ. ಏನು ಕುಡಿಯುತ್ತಾರೆ? ಟೀ, ಅದೂ ಪೂರ್ತಿ ಆರಿದ ಮೇಲೆ. ಮತ್ತೇನು? ಕತ್ತಲೆಂದರೆ ಭಯ. ನೀವಿಲ್ಲದಾಗ ನೋಡಿಕೊಳ್ಳುವವರು? ಕೆಳಗಿನ ಗುಂಡಿ ಅಂಗಡಿಯವರು. ಅವರ ಫೋನ್ ನಂಬರು?

"ಕೊಟ್ಟುಬಿಟ್ಟೆ ಅಕ್ಕಾ, ಬೈಬೇಡಿ," ಎಂದಳು ಅವಳು ಅಂಗಡಿಗೆ ಬಂದು. "ಬಾಯಿಗೆ ಬಂದಿದ್ದೆಲ್ಲ ಹೇಳ್ತಾ ಹೋದೆ. ಕೊನೆಗೆ ನಂಗೇ ಅತ್ತೆ ಮೇಲೆ ಅಯ್ಯೋ ಪಾಪ ಅನ್ನಿಸ್ತು."

"ಇನ್ನೇನು, ತಿಂಡಿ ಕಟ್ಟಿಸ್ಕೊಂಡು ಹೋಗು ಅತ್ತೆಗೆ," ಎಂದು ಯಜಮಾನಿ ನಕ್ಕರು.

ಅಂಗಡಿಗೆ ಫೋನು ಬಂದ ಮಧ್ಯಾಹ್ನ ಪರದೆಯಕ್ಕ ಬಟ್ಟೆ ಪೇಟೆಗೆ ಹೋಗಿದ್ದಳು. ಮೇಲ್ಮನೆಗೆ ಬೀಗ, ಬೀಗದ ಕೈ ಯಜಮಾನಿಯ ಮೇಜಿನ ಮೇಲೆಯೇ ಇತ್ತು. ನಯವಾದ ದನಿಯೊಂದು, ನಿಮ್ಮ ಮೇಲಿನ ಮನೆಯಲ್ಲಿ ವಯಸ್ಸಾದ ಸೋದರತ್ತೆಯೊಬ್ಬರು ಇರುವುದು ನಿಜವೇ ಎಂದು ಕೇಳಿತು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಯಜಮಾನಿ, ಹಾಗೆ ಯಾರೂ ಇಲ್ಲ ಎನ್ನಲು ಬಾಯಿ ತೆರೆದರು. ಅಷ್ಟರಲ್ಲಿ ತಲೆಯ ಮೇಲೆ, ಮರದ ಹಲಗೆಯ ಚಾವಣಿಯಲ್ಲಿ, ಟಕ್ ಟಕ್ ಎಂದು ಎರಡು ಸಲ ಸದ್ದಾಯಿತು.

"ಇದ್ದಾರೆ," ಎಂದರು ಯಜಮಾನಿ.

ವೀಸಾ ಬಂತು. ಪರದೆಯಕ್ಕ ಏಜೆಂಟನಿಗೆ ಸಿಹಿ ಕೊಟ್ಟು ಬಂದಳು. ಮನೆಗೆ ಬಂದು ಯಂತ್ರದ ಮುಂದೆ ಕೂತವಳಿಗೆ, ಮರೆತು ಬಿಟ್ಟಿದ್ದ ಟೀ ಲೋಟ ಬರಿದಾಗಿದ್ದು ಕಂಡಿತು. ಸರೋವರದ ಪರದೆಯ ಹಿಂದಿನಿಂದ ದನಿ ಬಂತು: "ಇದರಲ್ಲಿ ಸಕ್ಕರೆ ಕಮ್ಮಿ ಕಣೇ."

ಪರದೆ ಸರಿಸುವ ಧೈರ್ಯ ಅವಳಿಗೆ ಅಂದೂ ಬರಲಿಲ್ಲ, ಮುಂದೆಯೂ ಬರಲಿಲ್ಲ. ಹೊರಕೋಣೆಯಲ್ಲೇ ಚಾಪೆ ಹಾಸಿ ಮಲಗತೊಡಗಿದಳು. ದೀಪ ಆರಿಸಿದರೆ ಟಕ್ ಟಕ್ ಎನ್ನುತ್ತಿದ್ದುದರಿಂದ ದೀಪ ಉರಿಯುತ್ತಲೇ ಇರುತ್ತಿತ್ತು. ಯಾವ ಕುರ್ಚಿ, ಯಾವ ಊರುಗೋಲು, ಎಲ್ಲಿಂದ ಬಂದವು ಎಂದು ಯಜಮಾನಿ ಕೇಳಿದರೆ, "ಗಾಜಿನ ಮುಂದೆ ನಾನೇ ಹೇಳಿದ್ನಲ್ಲ ಅಕ್ಕಾ, ಹೇಳಿದ್ದೆಲ್ಲ ಬಂದಿದೆ," ಎನ್ನುತ್ತಿದ್ದಳು.

ವಿಚಿತ್ರವೆಂದರೆ ಹೊರಡುವ ಸಿದ್ಧತೆಯಲ್ಲಿ ಅತ್ತೆಗೇ ಹೆಚ್ಚಿನ ಉತ್ಸಾಹ. ಪೆಟ್ಟಿಗೆ ತುಂಬುವಾಗ ಯಜಮಾನಿಯೂ ಅಲ್ಲಿದ್ದರು.

"ಸ್ವೆಟರ್ ಇಟ್ಕೊಂಡ್ಯಾ?" ಎಂದಿತು ಪರದೆ.

"ಇಟ್ಕೊಂಡೆ."

"ಒಂದೇನಾ? ಅಲ್ಲಿ ಚಳಿ ಕೊರೆಯುತ್ತಂತೆ. ಮಾತ್ರೆ ಜೊತೆ ಡಾಕ್ಟರ ಚೀಟಿ ಇಡು. ಕತ್ತರಿ ಕೈಚೀಲದಲ್ಲಿ ಇಡಬೇಡ, ಕಿತ್ಕೊಳ್ತಾರೆ. ಆ ಕೆರೆ ನೀರು ನಿಜವಾಗ್ಲೂ ಇಷ್ಟು ನೀಲೀನೇನೇ?"

ಪರದೆಯಕ್ಕನಿಗೆ ಅಳು ಬಂತು. "ನೀವು ಇಲ್ಲ. ನಾನು ಸುಳ್ಳು ಹೇಳಿದ್ದು."

ಪರದೆಯ ಹಿಂದಿನಿಂದ ಅತ್ತೆ ಸಮಾಧಾನದಿಂದಲೇ ಮಾತಾಡಿದಳು. "ಆ ಗಾಜಿನ ಮುಂದೆ ನಾನಿದ್ದೆ ತಾನೆ? ನನ್ನ ಹೆಸರಲ್ಲಿ ಅಪ್ಪಣೆ ತಗೊಂಡಿದ್ದೀಯ. ಹೋಗು, ಬೇಡ ಅನ್ನಲ್ಲ. ಬರ್ತೀನಿ ಅಂದಿದ್ದೀಯಲ್ಲ, ಬಾ."

ಪರದೆಯಕ್ಕ ಹೋದಳು. ದಿನವೂ ಬೆಳಿಗ್ಗೆ ಯಜಮಾನಿ ಒಂದು ಲೋಟ ಟೀ ಮಾಡಿ, ಆರಿಸಿ, ಪರದೆಯ ಬುಡದಲ್ಲಿಟ್ಟು ತಿರುಗಿ ನೋಡದೆ ಇಳಿದು ಬರುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಲೋಟ ಬರಿದಾಗಿರುತ್ತಿತ್ತು. ಹೀಗೆ ನಡೆದುಕೊಂಡು ಹೋಗಿ, ಅವಳು ವಾಪಸು ಬರಬೇಕಾದ ದಿನ ಬಂತು. ಅವಳು ಬರಲಿಲ್ಲ, ಅವಳ ಫೋನು ಬಂತು.

"ಅಕ್ಕಾ, ನಾನಿಲ್ಲೇ ಇದ್ದುಬಿಡ್ತೀನಿ. ದಡದ ಮೇಲೆ ಒಂದು ಪರದೆ ಅಂಗಡಿ ಇದೆ. ನನ್ನ ಹೊಲಿಗೆ ನೋಡಿ ಬಾ ಅಂದಿದ್ದಾರೆ."

"ನಿನ್ನ ವೀಸಾ ಮುಗಿಯಲ್ವೇನೇ?"

"ಮುಗಿಯುತ್ತೆ. ಹಿಡಿದಾಗ ನೋಡ್ಕೊಳ್ಳೋಣ. ಇಲ್ಲಿ ದೀಪ ಆರಿಸಿ ಮಲಗ್ತೀನಿ ಅಕ್ಕಾ, ಎಂಥ ನಿದ್ದೆ ಗೊತ್ತಾ? ಆ ಟಕ್ ಟಕ್ ಮತ್ತೆ ಕೇಳೋಕೆ ನನ್ನ ಕೈಲಾಗಲ್ಲ. ಅತ್ತೆಗೆ ನೀವೇ ಹೇಳಿಬಿಡಿ."

ಹೇಳುವುದು ಬೇರೆ ಯಾರ ಕೆಲಸ? ಯಜಮಾನಿ ಮೆಟ್ಟಿಲು ಹತ್ತಿದರು. ಕಿಟಕಿಯಿಂದ ಬಿಸಿಲು ಬಿದ್ದು ಪರದೆಯ ಸರೋವರ ಹೊಳೆಯುತ್ತಿತ್ತು. ಬಾಗಿಲಲ್ಲೇ ನಿಂತು, "ಅವಳು ಬರೋದಿಲ್ಲವಂತೆ," ಎಂದರು.

ಬೀದಿಯಲ್ಲಿ ಯಾರೋ ತರಕಾರಿ ಕೂಗಿಕೊಂಡು ಹೋದರು. ಯಜಮಾನಿ ಇಳಿಯಲು ತಿರುಗಿದಾಗ ಹಿಂದಿನಿಂದ ದನಿ ಕೇಳಿತು.

"ಅವಳ ಇನ್ನೊಂದು ಸ್ವೆಟರ್ ಎಲ್ಲಿಟ್ಟಿದ್ದಾಳೆ?"

ಆಮೇಲೆ ಕುರ್ಚಿ ಹಿಂದಕ್ಕೆ ಸರಿದ ಸದ್ದು, ಮಂಚದಡಿಯಿಂದ ಪೆಟ್ಟಿಗೆ ಎಳೆದ ಸದ್ದು. ಏಳಲಾರದವಳು ಎದ್ದಿದ್ದಳು. ಯಜಮಾನಿ ಅಂಗಡಿಗೆ ಬಂದು ಬಿದ್ದದ್ದು ಹೇಗೆಂದು ಅವರಿಗೇ ತಿಳಿಯದು.

ಮಾರನೆಯ ದಿನ ಇಟ್ಟ ಟೀ ಹಾಗೇ ಕೆನೆಗಟ್ಟಿತು. ಅದರ ಮಾರನೆಯ ದಿನದ್ದೂ ಹಾಗೆಯೇ. ಧೈರ್ಯ ಮಾಡಿ ಪರದೆ ಸರಿಸಿದರೆ ಮಂಚ, ಪಕ್ಕದಲ್ಲಿ ನಡು ಕುಸಿದ ಒಂದು ಕುರ್ಚಿ, ಅಷ್ಟೇ. ಗೋಡೆಯ ಮೊಳೆಯಲ್ಲಿ ಮೊದಲಿನಿಂದ ನೇತಾಡುತ್ತಿದ್ದ ಪರದೆಯಕ್ಕನ ನೀಲಿ ಸ್ವೆಟರ್ ಇರಲಿಲ್ಲ. ಪೀಡೆ ತೊಲಗಿತೆಂದು ಯಜಮಾನಿ ಕೋಣೆ ಗುಡಿಸಿ, ಬೀಗ ಹಾಕಿ ಬಂದರು.

ಆ ವಾರವೇ ಅಂಗಡಿಗೆ ಮತ್ತೆ ಫೋನು ಬಂತು. ಅದೇ ನಯವಾದ ದನಿ.

"ನಮ್ಮ ದೇಶದ ಪ್ರವೇಶದ್ವಾರಕ್ಕೆ ವಯಸ್ಸಾದ ಪ್ರವಾಸಿಯೊಬ್ಬರು ಬಂದಿದ್ದರು. ಅವರು ವಾಪಸು ಹೋಗುತ್ತಾರೆಂಬುದಕ್ಕೆ ಏನು ಭರವಸೆ ಎಂದು ಕೇಳಿದೆವು. ಊರಿನಲ್ಲಿ ಸೋದರ ಸೊಸೆ ಕಾಯುತ್ತಿದ್ದಾಳೆ ಅಂದರು. ಮಂಡಿ ಹಿಡಿದಿದೆಯಂತೆ, ಎದ್ದು ಓಡಾಡಲಾರಳಂತೆ. ಊರುಗೋಲಿನಿಂದ ಎರಡು ಸಲ ಕುಟ್ಟುತ್ತಾಳಂತೆ. ಆರಿದ ಟೀ ಕುಡಿಯುತ್ತಾಳಂತೆ, ಕತ್ತಲೆಂದರೆ ಹೆದರುತ್ತಾಳಂತೆ. ನಿಮ್ಮ ಮೇಲಿನ ಮನೆಯಲ್ಲಿ ಅಂಥವಳೊಬ್ಬಳು ಇರುವುದು ನಿಜವೇ?"

ಸೊಸೆ ನಿಮ್ಮ ದೇಶದಲ್ಲೇ ಇದ್ದಾಳೆ, ಗಟ್ಟಿಮುಟ್ಟಾಗಿದ್ದಾಳೆ ಎನ್ನಲು ಯಜಮಾನಿ ಬಾಯಿ ತೆರೆದರು. ಬೀಗದ ಕೈ ಮೇಜಿನ ಮೇಲೆ ಕಣ್ಣೆದುರಿಗೇ ಇತ್ತು. ತಲೆಯ ಮೇಲೆ ಹಲಗೆಯಲ್ಲಿ ಸದ್ದಾಯಿತು, ಟಕ್ ಟಕ್. ಈ ಸಲ ಕುಟ್ಟಿದ್ದರಲ್ಲಿ ಕಸುವಿರಲಿಲ್ಲ. ಹೊಸದಾಗಿ ಕಲಿತವರ ಕೈಯಂತಿತ್ತು.

ಇಲ್ಲಿ ಯಜಮಾನಿ ಮಾತು ನಿಲ್ಲಿಸಿದರು.

"ಏನಂದ್ರಿ ಅಕ್ಕ?" ಎಂದಳು ತಂಗಿ.

"ಇದ್ದಾಳೆ ಅಂದೆ. ಇನ್ನೇನನ್ನಲಿ? ಮೇಲೆ ಕುಟ್ತಾ ಇದ್ದವರು ಯಾರು ಮತ್ತೆ?"

ಫೋನಿಟ್ಟ ಯಜಮಾನಿ ಮೇಲೆ ಹೋಗಿ ಬೀಗ ತೆಗೆದು, ಪರದೆ ಸರಿಸಿದರಂತೆ. ನಡು ಕುಸಿದ ಕುರ್ಚಿಯಲ್ಲಿ ಪರದೆಯಕ್ಕ ಕೂತಿದ್ದಳು. ಕೈಯಲ್ಲಿ ಊರುಗೋಲು. ಚಪ್ಪಲಿಗೆ ಅಲ್ಲಿಯ ದಡದ ಒದ್ದೆ ಮರಳು ಮೆತ್ತಿಕೊಂಡಿತ್ತು.

"ದಡದಲ್ಲಿ ನಿಂತಿದ್ದೆ ಅಕ್ಕಾ," ಎಂದಳಂತೆ. "ಒಳ್ಳೇ ಬಿಸಿಲು. ಹಿಂದೆ ಟಕ್ ಟಕ್ ಅಂತು. ತಿರುಗಿದ್ರೆ ನನ್ನ ನೀಲಿ ಸ್ವೆಟರ್ ಹಾಕ್ಕೊಂಡು ಅವರು. ಮುಖ ಅವತ್ತೇ ಮೊದಲು ನೋಡಿದ್ದು. ಕೆರೆ ಕಡೆ ನೋಡಿ, ಎಷ್ಟು ಚೆನ್ನಾಗಿದೆ ಕಣೇ ಅಂದ್ರು. ನಿನ್ನ ವಿಷಯ ಎಲ್ಲ ಪ್ರವೇಶದ್ವಾರದಲ್ಲಿ ಹೇಳಿ ಬಂದಿದ್ದೀನಿ, ನೀನಿನ್ನು ಹೊರಡು ಅಂತ ಊರುಗೋಲು ನನ್ನ ಕೈಗೆ ಕೊಟ್ರು. ಮಂಡಿ ಹಿಡ್ಕೊಂಡ ಹಾಗಾಯ್ತು, ಕೂತೆ. ಕೂತಿದ್ದು ಇಲ್ಲಿ." ಆಮೇಲೆ ಕಿಟಕಿಯ ಕಡೆ ನೋಡಿ, "ದೀಪ ಹಾಕ್ತೀರಾ ಅಕ್ಕಾ?" ಎಂದಳಂತೆ. ಹೊರಗೆ ಇನ್ನೂ ಮಧ್ಯಾಹ್ನ.

"ಡಾಕ್ಟರಿಗೆ ತೋರಿಸಲಿಲ್ವಾ?" ಎಂದರು ಹಿಂದಿನ ಸಾಲಿನ ಒಬ್ಬ ಹಿರಿಯರು.

"ಮಂಡಿ ಚೆನ್ನಾಗೇ ಇದೆ ಅಂದ್ರು. ಏಳೋಕೆ ಮಾತ್ರ ಆಗಲ್ಲ."

"ಅತ್ತೆ ಬರ್ತಾರಂತಾ?"

"ಬರ್ತೀನಿ ಅಂತ ಹೇಳೇ ಹೋಗಿದ್ದಾರೆ. ಪರದೆ ಅಂಗಡಿಯಲ್ಲಿ ಕೆಲಸಕ್ಕೆ ಸೇರ್ಕೊಂಡಿದ್ದಾರೆ ಅಂತ ನಮ್ಮ ಪರದೆಯಕ್ಕ ಹೇಳ್ತಾಳೆ. ಅವಳಿಗೆ ಹೇಗೆ ಗೊತ್ತಾಗುತ್ತೋ, ನಾನು ಕೇಳೋಕೆ ಹೋಗಿಲ್ಲ."

ಕ್ಯಾಮೆರಾ ಚೀಲದ ಯುವಕನೊಬ್ಬ ಎದ್ದು ನಿಂತ. "ಅಲ್ಲ ಅಮ್ಮಾ, ಇಲ್ಲೇ ಗಾಜಿನ ಹತ್ರ ಹೋಗಿ, ಅತ್ತೆಗಾಗಿ ಕಾಯ್ತಿರೋದು ಅವಳಲ್ಲ, ಬೇರೆ ಯಾರೋ ಅಂತ ಹೇಳಿದ್ರೆ ಆಯ್ತಲ್ಲ? ಬಿಡುಗಡೆ ಆಗ್ತಾಳೆ."

ಯಜಮಾನಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹೇಳಬಹುದಪ್ಪ. ಯಾರ ಹೆಸರು ಹೇಳಲಿ? ನಿಂದಾ?"

ಯುವಕ ಕುಳಿತುಕೊಂಡ.

ಅಷ್ಟರಲ್ಲಿ ಕಿಟಕಿಗಳ ದೀಪ ಹತ್ತಿದವು. ಗಾಜಿನ ಹಿಂದಿನ ಪರದೆಗಳು ಸರಿದವು. ಧ್ವನಿವರ್ಧಕದಲ್ಲಿ ನಯವಾದ ದನಿಯೊಂದು ಮೊದಲ ಟೋಕನ್ ಸಂಖ್ಯೆಯನ್ನು ಕರೆಯಿತು. ಯಾರೂ ಕದಲಲಿಲ್ಲ. ದನಿ ಇನ್ನೊಮ್ಮೆ ಕರೆಯಿತು. ಅದು ತಂಗಿಯ ಸಂಖ್ಯೆಯಾಗಿತ್ತು.

ಅವಳು ಗಂಡನ ಮುಖ ನೋಡಿದಳು. ಇಲ್ಲದ ಅಣ್ಣನ ವಿಷಯ ಅವಳ ನಾಲಿಗೆಯ ತುದಿಯಲ್ಲಿದ್ದಿರಬೇಕು; ಅದನ್ನು ನುಂಗಿಕೊಂಡವಳಂತೆ ತುಟಿ ಬಿಗಿದು, ಫೈಲನ್ನು ಚೀಲಕ್ಕೆ ತುರುಕಿ ಜಿಪ್ ಎಳೆದಳು. "ನಡೀರಿ, ಮನೆಗೆ ಹೋಗೋಣ," ಎಂದಳು.

"ನಾನು ಆಗಲೇ ಹೊರಡಬೇಕಿತ್ತು," ಎಂದು ಯಜಮಾನಿಯೂ ಎದ್ದರು. "ಬೆಳಿಗ್ಗೆ ಮಾಡಿಟ್ಟ ಟೀ ಇಷ್ಟೊತ್ತಿಗೆ ಆರಿರುತ್ತೆ."

ಅವರ ಹಿಂದೆಯೇ ಹಿರಿಯರು ಎದ್ದರು. ಯುವಕ ಕ್ಯಾಮೆರಾ ಚೀಲವನ್ನು ಹೆಗಲಿಗೇರಿಸಿದ. ಉಳಿದವರೂ ಒಬ್ಬೊಬ್ಬರಾಗಿ, ಕುರ್ಚಿ ಸದ್ದಾಗದಂತೆ ಎದ್ದು, ಟೋಕನ್ ಚೀಟಿಗಳನ್ನು ಬಾಗಿಲ ಬಳಿಯ ಬುಟ್ಟಿಗೆ ಹಾಕಿ, ತಮ್ಮ ತಮ್ಮ ಮನೆಯ ದಾರಿ ಹಿಡಿದರು.