ಉದುರಿದ ಕೊಂಬು

“ಲೇ ಬೋಳಿಮಗನ, ಮಾರಿಮ್ಯಾಗ ಇರೂವು ಕಣ್ಣೊ ಗೋಲಿಗುಂಡೊ? ಮೊಳದುದ್ದದ ಕೊಂಬು ಕಾಣವಲ್ದೇನ?”

ಬೇಲಿಯಾಚೆ ನಿಂತು ಮ್ಯಾನೇಜರ್ ಶ್ರೀಕಾಂತ ಬೈಯುತ್ತಿದ್ದ. ಬೇಲಿಯೊಳಗೆ ಶರಣು ಮೊಣಕಾಲೂರಿ ಬಾರಿಗಿಡದ ಬುಡದ ಮರಳು ಕೆದಕುತ್ತಿದ್ದ. ಅಂಗೈ ತುಂಬ ಮುಳ್ಳು. ಕೊಲ್ಲಿ ನಾಡಿನ ವಫ್ರಾದ ಈ ತೋಟದಲ್ಲಿ ಅರಬ ಮಾಲೀಕ, ಅಂದರೆ ಇವರ ಕಫೀಲ್, ಶೋಕಿಗೆಂದು ಜಿಂಕೆ ಸಾಕಿದ್ದ. ಬೆಳಿಗ್ಗೆ ಮೇವು ಹಾಕುವಾಗ ದೊಡ್ಡ ಗಂಡು ಒಂದೇ ಕೊಂಬು ಹೊತ್ತು ಬಂದಿತ್ತು. ಇನ್ನೊಂದು ಎಲ್ಲೋ ಉದುರಿತ್ತು. ಶ್ರೀಕಾಂತನ ಕೂಸಿಗೆ ಎದೆಯಲ್ಲಿ ಕಫ ಗಟ್ಟಿತ್ತು. ಜಿಂಕೆ ಕೊಂಬು ತೇದು ಹಚ್ಚಲೇಬೇಕೆಂದು ಊರಿಂದ ಬಂದಿದ್ದ ಅವನ ತಾಯಿ ಹಟ ಹಿಡಿದಿದ್ದರು.

ಬೈಗುಳವೂ ಶರಣುವಿಗೆ ಹಿತವಾಗಿಯೇ ಕೇಳಿಸಿತು. ಎಷ್ಟಾದರೂ ಕನ್ನಡ. ತೋಟದ ಉಳಿದ ಆಳುಗಳು ಬಂಗಾಳಿ ಆಡುವವರು. ಅವರೊಂದಿಗೆ ಯಲ್ಲಾ, ಖಲಾಸ್ ಎಂಬ ಎರಡು ಅರಬಿ ಪದ ಬಿಟ್ಟರೆ ಮಾತಿಲ್ಲ. ಊರ ಸುದ್ದಿ, ಹೆಂಡತಿಯ ಮುನಿಸು, ಎಲ್ಲವನ್ನೂ ಅವನು ಜಿಂಕೆಗಳಿಗೇ ಹೇಳಿಕೊಳ್ಳುತ್ತಿದ್ದ. ಮೇವು ಮುಗಿಯುವವರೆಗೆ ಅವು ಕೇಳುತ್ತಿದ್ದವು. ಶುಕ್ರವಾರ ಮಂಗಫ್ ಪಟ್ಟಣದಿಂದ ನಮ್ಮ ಕಡೆಯ ಮಂದಿ ಬುತ್ತಿ ಕಟ್ಟಿಕೊಂಡು ಬರುತ್ತಾರೆಂದು ಶ್ರೀಕಾಂತ ಫೋನಿನಲ್ಲಿ ಹೇಳಿದ್ದ. “ನೀನೂ ನಮ್ಮ ಜೋಡಿನ ಉಣ್ಣಾಕ ಕುಂದ್ರಲೇ. ಶರಣು ಅಂದ್ರ ನಮ್ಮವನ ಅಲ್ಲೇನ?” ಅಂದಿನಿಂದ ಅವನಿಗೆ ಸರಿಯಾಗಿ ನಿದ್ದೆಯಿಲ್ಲ. ತನ್ನ ಮಾತಿನವರ ನಡುವೆ ಕುಳಿತು ಒಂದು ಹೊತ್ತು ಉಣ್ಣಬೇಕು, ಅಷ್ಟೇ ಅವನ ಆಸೆ. ಇವತ್ತೇ ಆ ಶುಕ್ರವಾರ.

ಕೊಂಬು ಕಡೆಗೂ ನೀರಿನ ತೊಟ್ಟಿಯ ಹಿಂದೆ ಸಿಕ್ಕಿತು. ಅಂಗಿಯಲ್ಲಿ ಒರೆಸಿಕೊಂಡು ಓಡಿ ಬಂದ. ಖರ್ಜೂರದ ಮರಗಳ ನೆರಳಲ್ಲಿ ಉದ್ದದ ಚಾಪೆ ಹಾಸಿ ಎಲ್ಲರೂ ಕುಳಿತಿದ್ದರು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಆ ವಾಸನೆಗೇ ಅವನ ಕಣ್ಣು ಒದ್ದೆಯಾದವು.

ಶ್ರೀಕಾಂತನ ತಾಯಿ ಅನ್ನಪೂರ್ಣೆವ್ವ ಕೊಂಬು ಇಸಿದುಕೊಂಡು ಸವರಿದರು. “ಭಾಳ ಛಲೋ ಐತಿ. ಬಾ ಯಪ್ಪಾ, ಕುಂದ್ರು. ಯಾವೂರು? ಯಾರ ಪೈಕಿ ನೀವು?”

“ಹುನಗುಂದದ ಕಡೆಯವರ್ರಿ ಯವ್ವಾ. ಮಾದರ ಓಣಿಯವರು.”

ರೊಟ್ಟಿ ಬಡಿಸುತ್ತಿದ್ದ ಕೈ ನಿಂತಿತು. “ಏನ್ರಿ ಶ್ರೀಕಾಂತ, ನಮ್ಮವ ಅಂದಿದ್ರಿ?” ಎಂದು ಇಂಜಿನಿಯರ್ ಚನ್ನಬಸಯ್ಯ ಹುಬ್ಬು ಹಾರಿಸಿದ.

ಶ್ರೀಕಾಂತನ ಮುಖ ಕಪ್ಪಿಟ್ಟಿತು. “ಇಂಥಾ ಹೆಸರಿಟ್ಕೊಂಡು ಮೋಸ ಮಾಡ್ತಾರ್ರಿ, ಸೂಳೆಮಕ್ಕಳು.” ಕಾಗದದ ತಟ್ಟೆಗೆ ಎರಡು ರೊಟ್ಟಿ ಎಸೆದು, ಜಿಂಕೆಗಳ ಗೋದಲಿಯತ್ತ ಕೈ ತೋರಿಸಿದ. “ಅಲ್ಲೆ ಹೋಗಿ ತಿನ್ನು.”

ಅನ್ನಪೂರ್ಣೆವ್ವ ಕೊಂಬನ್ನೇನೂ ಬಿಡಲಿಲ್ಲ. ಬಾಟಲಿ ನೀರಲ್ಲಿ ತೊಳೆದು ಸೆರಗಿನಲ್ಲಿ ಸುತ್ತಿಕೊಂಡರು.

ಶರಣು ತಟ್ಟೆ ಹಿಡಿದು ಗೋದಲಿಯವರೆಗೆ ಹೋದ. ಹೋಗುವಷ್ಟು ದೂರವೂ ನಾಚಿಕೆ. ಅಲ್ಲಿ ನಿಂತ ಮೇಲೆ ನಾಚಿಕೆ ಹೋಗಿ ಮೈಯೆಲ್ಲ ಉರಿಯಿತು. ತಟ್ಟೆಯನ್ನು ಗೋದಲಿಗೆ ಸುರುವಿದ. ತಿರುಗಿ ಬಂದವನು ಮರಳುಗಾಲಲ್ಲೇ ಚಾಪೆ ಹತ್ತಿ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕುಳಿತ. ಬುಟ್ಟಿಗೆ ಕೈಹಾಕಿ ರೊಟ್ಟಿ ತೆಗೆದುಕೊಂಡ.

“ಏಳಲೇ! ನಾಳೆನ ಇಕಾಮಾ ಕ್ಯಾನ್ಸಲ್ ಮಾಡ್ಸಿ ಊರಿಗೆ ಅಟ್ತೀನಿ!”

“ಅಟ್ರಿ,” ಎಂದ ಶರಣು. “ಉಂಡ ಮ್ಯಾಲ ಅಟ್ರಿ.”

ಒಬ್ಬೊಬ್ಬರೇ ಎದ್ದರು. ಹೆಂಗಸರು ಮಕ್ಕಳ ರಟ್ಟೆ ಹಿಡಿದು ಎಳೆದುಕೊಂಡು ಹೋದರು. ಮಾಡಿ ತಂದ ಅಡುಗೆಯತ್ತ ಅನ್ನಪೂರ್ಣೆವ್ವ ಒಮ್ಮೆ ತಿರುಗಿ ನೋಡಿದರು.

“ಚಟ್ನಿ ಛಲೋ ಆಗೈತ್ರಿ ಯವ್ವಾ,” ಎಂದ ಅವನು.

ಅವರು ಕಾರು ಹತ್ತಿ ಗಾಜು ಏರಿಸಿದರು. ಆ ಉದ್ದದ ಚಾಪೆಯ ಮೇಲೆ ಅವನೊಬ್ಬನೇ ಕುಳಿತು ಎರಡನೆಯ ರೊಟ್ಟಿ ಮುರಿದ.