ಅರ್ಧ ಆಟಕ್ಕೆ ಹೊರಟವರು

ವಾಟಿ ಗಲ್‌ಬ್ರೇತನ ಕಾಲು ಕಲಿತ ವಿದ್ಯೆಗೆ ಈಗ ಕೆಲಸವಿರಲಿಲ್ಲ. ಕೈಗೆ ಮಾತ್ರ ಬೇಕಾದಷ್ಟಿತ್ತು. ಕ್ಲೈಡ್ ಹೊಳೆಯ ಹಡಗುಕಟ್ಟೆಯಲ್ಲಿ ಬೆಳಗಿಂದ ಸಂಜೆತನಕ ಕಟ್ಟುತ್ತಿರುವ ಹಡಗಿನ ತಗಡಿಗೆ ಬಡಿಯುವ ಕೆಂಪಗೆ ಕಾದ ಮೊಳೆಗಳಿಗೆ ಆಚೆ ಬದಿಯಿಂದ ಭಾರದ ಸುತ್ತಿಗೆ ಒತ್ತಿ ಹಿಡಿಯಬೇಕು. ಅಂಗೈ ತುಂಬ ಬೊಬ್ಬೆ. ಊಟಕ್ಕೆ ಕೂತರೂ ಕಿವಿಯಲ್ಲಿ ಅದೇ ಸದ್ದು.

ಹೋದ ವರ್ಷದವರೆಗೆ ಇದೇ ವಾಟಿ ಫುಟ್‌ಬಾಲ್ ಮೈದಾನದ ಎಡಬದಿಯ ಗೆರೆ ಹಿಡಿದು ಚೆಂಡಿನ ಜೊತೆ ಓಡಿದರೆ ಊರೇ ಬಾಯಿ ಬಿಟ್ಟುಕೊಂಡು ನೋಡುತ್ತಿತ್ತು. ಕರಾರು ಮುಗಿದಾಗ ಕ್ಲಬ್ಬಿನ ಅಧ್ಯಕ್ಷ ಕಾರ್ಸ್‌ವೆಲ್‌ನ ಬಳಿ ಹೋದ. ಕಾರ್ಸ್‌ವೆಲ್ ಕಲ್ಲಿದ್ದಲ ವ್ಯಾಪಾರಿ, ಊರಿನ ಒಲೆಗಳೆಲ್ಲ ತನ್ನ ದಯೆಯಿಂದ ಉರಿಯುತ್ತವೆ ಎಂದುಕೊಂಡವನು.

"ಪಕ್ಕದೂರಿನ ಕ್ಲಬ್ಬಿನೋರು ಕರೀತಾವ್ರೆ ದಣಿ. ಬಿಟ್ಕೊಡಿ."

"ಬಿಡಲ್ಲ. ನಿನ್ನ ಹೆಸರು ನಮ್ಮಲ್ಲಿ ನೋಂದಾಯ್ಸಿದೆ."

"ಸರಿ, ನೀವೇ ಆಡಿಸ್ರಿ ಮತ್ತೆ."

"ಅದೂ ಇಲ್ಲ. ಎಳೇ ಕಾಲಿನೋನು ಸಿಕ್ಕಿದಾನೆ. ನೀನು ಅಲ್ಲಿಗೋಗಿ ನಮ್ಮ ಮೇಲೇ ಗೋಲು ಹೊಡೀಬಾರ್ದು, ಅಷ್ಟೆ."

ಕಾನೂನೇ ಹಾಗಿತ್ತು. ಕರಾರು ಮುಗಿದರೂ ಆಟಗಾರ ಕ್ಲಬ್ಬಿನ ಸೊತ್ತು. ಸಂಬಳವಿಲ್ಲ, ಬಿಡುಗಡೆಯೂ ಇಲ್ಲ. ದನ ಕಟ್ಟಿದವನಾದರೂ ಹುಲ್ಲು ಹಾಕುತ್ತಾನೆ! ವಾಟಿಗೆ ಮೂವತ್ತೊಂದು ತುಂಬಿತ್ತು. ಆ ಕಾಲುಗಳಲ್ಲಿ ಇನ್ನೆರಡು ವರ್ಷದ ಓಟ ಉಳಿದಿದ್ದರೆ ಹೆಚ್ಚು. ಕ್ಲಬ್ಬಿನವರು ಊರಿಗೆ ಹೇಳಿದ್ದು ಮಾತ್ರ ಬೇರೆ: ಪಾಪ, ವಾಟಿಯ ಮಂಡಿ ಹೋಯಿತು.

ಶನಿವಾರ ಬಂತೆಂದರೆ ಕಾಲು ಕೇಳಬೇಕಲ್ಲ. ಹೆಂಡತಿ ಐಸಾ, ಹಡಗುಕಟ್ಟೆಯ ಜೊತೆಗಾರ ಡ್ಯಾನ್, ಇವರ ಜೊತೆ ಟಿಕೆಟ್ ಕೊಂಡು ಜನರ ನಡುವೆ ನಿಂತು ಆಟ ನೋಡುತ್ತಿದ್ದ. ಅಲ್ಲಿ ಒಂದು ರೂಢಿ. ತಮ್ಮ ತಂಡ ಗೋಲು ಹೊಡೆಯುವ ತುದಿಯಲ್ಲೇ ಜನ ನಿಲ್ಲಬೇಕು. ಅರ್ಧ ಆಟಕ್ಕೆ ತಂಡಗಳು ತುದಿ ಬದಲಿಸಿದರೆ, ಜನವೂ ಬಿಸಿ ಬಿಸಿ ಮಾಂಸದ ಪೈ ಕಚ್ಚಿಕೊಂಡು, ಮುಂದಿನವರ ಬೆನ್ನು ನೋಡುತ್ತ ಆಚೆ ತುದಿಗೆ ನಡೆಯುತ್ತಾರೆ.

ಆ ಶನಿವಾರ ಹೊಸ ಆಟಗಾರ ಚೆಂಡಿಗಿಂತ ಹೆಚ್ಚಾಗಿ ತಾನೇ ಉರುಳುತ್ತಿದ್ದ. ಅರ್ಧ ಆಟದ ಸೀಟಿಯಾಯಿತು. ನಡೆಯುವ ದಾರಿಯಲ್ಲೇ ಹೊರಬಾಗಿಲು. ಡ್ಯಾನ್‌ಗೆ ತಡೆಯಲಾಗಲಿಲ್ಲ.

"ಬಾರ್ಲಾ ವಾಟಿ, ಆಚೆ ಹುಲ್ಲುಬಯಲೈತೆ, ನನ್ ಚೀಲದಾಗೆ ಚೆಂಡೈತೆ. ಈ ಕರ್ಮ ಯಾವನ್ ನೋಡ್ತಾನೆ!"

ಮೂವರೂ, ಅಕ್ಕಪಕ್ಕ ನಿಂತಿದ್ದ ಹಡಗುಕಟ್ಟೆಯವರೂ ಹೊರಬಿದ್ದರು. ಹಿಂದಿನವರು ರೂಢಿಯಂತೆ ಇವರ ಬೆನ್ನು ಹಿಡಿದರು, ಅವರ ಹಿಂದಿನವರು ಅವರನ್ನು. ಮುಕ್ಕಾಲು ಜನ ಬಯಲಿಗೆ ಬಂದ ಮೇಲೆ ಒಬ್ಬ ಮುದುಕ ಪೈ ಅಗಿಯುತ್ತ ಸುತ್ತ ನೋಡಿದ.

"ಏಯ್, ಗೋಲುಕಂಬ ಎಲ್ರೋ?"

ಬಯಲಿಗೆ ಬಯಲೇ ನಕ್ಕಿತು. ಅಷ್ಟರಲ್ಲಿ ಮುದುಕನ ಕಣ್ಣು ವಾಟಿಯ ಮೇಲೆ ಬಿತ್ತು. ಅವನು ಚೆಂಡನ್ನು ಮಂಡಿಯ ಮೇಲೆ ಕುಣಿಸುತ್ತಿದ್ದ. "ಇವನ ಮಂಡಿ ಹೋಯ್ತು ಅಂದ್ರಲ್ಲ?"

"ಮಂಡಿ ನೆಟ್ಟಗೈತೆ ಕಣಜ್ಜ, ಹೋಗಿರೋದು ಕಾರ್ಸ್‌ವೆಲ್ಲನ ಮಾನ!" ಎಂದು ಐಸಾ ನಡೆದದ್ದನ್ನೆಲ್ಲ ಎಲ್ಲರಿಗೂ ಕೇಳುವಂತೆ ಕೂಗಿ ಹೇಳಿದಳು. ನಗುತ್ತಿದ್ದ ಮುಖಗಳು ಬಿಗಿದುಕೊಂಡವು.

ಕಾರ್ಸ್‌ವೆಲ್ ಏದುಸಿರು ಬಿಡುತ್ತ ಬಂದ. "ಎಲ್ರೂ ಒಳಗೆ ನಡೀರಿ! ವಾಟಿ, ಇಲ್ಲಿ ಚೆಂಡು ಆಡಿದ್ರೆ, ಜನ್ಮದಲ್ಲಿ ಯಾವ ಕ್ಲಬ್ಬಲ್ಲೂ ಆಡದಂಗೆ ಮಾಡ್ತೀನಿ!"

ವಾಟಿಯ ಮಂಡಿಯಿಂದ ಚೆಂಡು ಜಾರಿ ನೆಲಕ್ಕೆ ಬಿತ್ತು. ಅವನಿಗೆ ಹೆದರಿಕೆಯಾಯಿತು.

"ಇವನನ್ನೇನೋ ಕಟ್ಟಿ ಹಾಕಿದೀರಿ ದಣಿ," ಎಂದಳು ಐಸಾ. "ನೋಡೋರನ್ನ ಎಲ್ಲಿ ಕಟ್ಟಿ ಹಾಕಿದೀರಿ? ಇವನನ್ನ ಬಿಡೋಗಂಟ ನಾವು ಆ ಬಾಗ್ಲು ದಾಟಲ್ಲ, ಟಿಕೆಟ್ಟೂ ಕೊಳ್ಳಲ್ಲ."

"ಸೀಟಿ ಊದ್ಲಿ, ಓಡ್ಬರ್ತೀರಿ," ಎಂದು ಕಾರ್ಸ್‌ವೆಲ್ ನಕ್ಕ.

ಒಳಗೆ ಸೀಟಿ ಊದಿತು. ಎಲ್ಲರ ಕತ್ತೂ ಅತ್ತ ತಿರುಗಿತು. ಕಾಲು ಮಾತ್ರ ಒಬ್ಬರದೂ ಕದಲಲಿಲ್ಲ. ಮುದುಕ ಉಳಿದ ಪೈ ಬಾಯಿಗೆ ಹಾಕಿಕೊಂಡು ಹುಲ್ಲಿನ ಮೇಲೆ ಕೂತೇಬಿಟ್ಟ.

ವಾಟಿ ಜನರನ್ನೆಲ್ಲ ಒಮ್ಮೆ ನೋಡಿದ. ಆಮೇಲೆ ಚೆಂಡನ್ನು ಮುಂದಕ್ಕೆ ತಳ್ಳಿ ಓಡಿದ.

"ಎಡಗಡೆ ದಾರಿ ಬಿಡ್ರಲೋ!" ಎಂದು ಡ್ಯಾನ್ ಕೂಗಿದ.

ಜನ ಹೋ ಎಂದು ಸರಿದು ದಾರಿ ಬಿಟ್ಟರು. ಕಾರ್ಸ್‌ವೆಲ್ಲನೂ ಸರಿಯಬೇಕಾಯಿತು.